ಮಣ್ಣೆತ್ತಿನ ಮಗ್ಗುಲ ಟ್ಯಾಂಕು

ಬೆಳಿಗ್ಗೆ ಅನ್ನಪೂರ್ಣಾ ಚಹಾ ಸೋಸುವಾಗ ಸಂಗನಬಸವನ ಕಣ್ಣು ಲೋಟಕ್ಕೆ ಇಳಿಯುತ್ತಿದ್ದ ಚಹಾದ ಮೇಲಿರಲಿಲ್ಲ, ಜರಡಿಯಲ್ಲಿ ಉಳಿಯುತ್ತಿದ್ದ ಪುಡಿಯ ಮೇಲಿತ್ತು. ಹಸಿಯಿದ್ದಾಗ ಅದು ಕಪ್ಪು. ಅರ್ಧ ಒಣಗಿದಾಗ ತುಕ್ಕಿನ ಬಣ್ಣ. ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ, ಎರಡು ಬೆರಳ ನಡುವೆ ತಿಕ್ಕಿದರೆ, ವರ್ಷಗಟ್ಟಲೆ ಮಳೆಗೆ ನಿಂತ ಕಬ್ಬಿಣದ ಸಂದಿಯಲ್ಲಿ ಸೇರಿಕೊಳ್ಳುವ ಕಸ. ಆ ಮನೆಯ ಯಾವ ವಸ್ತುವೂ ಅವನ ಕಣ್ಣಿಗೆ ಬಹಳ ಹೊತ್ತು ತಾನು ತಾನಾಗಿ ಉಳಿಯುತ್ತಿರಲಿಲ್ಲ. ಅವ್ವನ ಬಿ.ಪಿ. ಗುಳಿಗೆಯ ಹಾಳೆ ಯುದ್ಧದ ಟ್ಯಾಂಕಿನ ಗಾಲಿಯ ಮೇಲಿನ ತಗಡಾಗುತ್ತಿತ್ತು. ಹರಿದ ಜರಡಿಯ ಜಾಲರಿ ಎಂಜಿನ್ನಿನ ಮುಚ್ಚಳ, ಕಸಬರಿಗೆಯ ಕಡ್ಡಿ ವೈರ್‌ಲೆಸ್ಸಿನ ಕಂಬಿ, ಅನ್ನಪೂರ್ಣಾಳ ಕಾಡಿಗೆ ತೋಪಿನ ಬಾಯಿಯ ಮಸಿ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದುದರಿಂದ ಅಂಟಿನ ಹನಿ ಬಿಡಲು ಸಿರಿಂಜಿಗೂ, ಶತ್ರುವಿನ ಕಣ್ಣು ತಪ್ಪಿಸುವ ಮರೆಬಲೆ ಹೊದಿಸಲು ಬ್ಯಾಂಡೇಜು ಬಟ್ಟೆಗೂ ಕೊರತೆಯಿರಲಿಲ್ಲ. ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕೊಂದು ನಿಜವಾದ ಟ್ಯಾಂಕಿನಂತೆ ಕಾಣಬೇಕಾದರೆ ಒಂದು ಸಂಸಾರದ ಅಡುಗೆಮನೆ, ದೇವರಮನೆ, ಬಚ್ಚಲು ಮೂರೂ ಕೈಗೂಡಿಸಬೇಕು ಎಂದು ನಲವತ್ತಾರರ ವಯಸ್ಸಿಗೆ ಅವನು ಕಂಡುಕೊಂಡಿದ್ದ. ಸಂಸಾರ ಮಾತ್ರ ಇದನ್ನು ಅಷ್ಟು ದೊಡ್ಡ ಶೋಧವೆಂದು ಒಪ್ಪಿರಲಿಲ್ಲ. ಹೋದ ತಿಂಗಳು ಬಾಜು ಮನೆಯ ಶಮೀಮಾಬಿ ಕಟ್ಟೆಯ ಮೇಲೆ ಪೇಪರು ಹಾಸಿ ಒಣಹಾಕಿದ್ದ ಚಹಾಪುಡಿಯನ್ನು ನೋಡಿ, ಅನ್ನಪೂರ್ಣಾಳನ್ನು ಪಕ್ಕಕ್ಕೆ ಕರೆದು, ಪುಡಿ ತೀರಿದ್ದರೆ ನಮ್ಮಲ್ಲಿಂದ ಒಯ್ಯಿ, ನಾಚಿಕೊಳ್ಳಬೇಡ ಎಂದಿದ್ದಳಂತೆ. ಅನ್ನಪೂರ್ಣಾ ಅದನ್ನು ನಗುತ್ತಲೇ ಹೇಳಿದ್ದಳು. ಆದರೆ ಆಮೇಲೆ ಎರಡು ದಿನ ಅವನಿಗೆ ಚಹಾ ಕೊಡುವಾಗ ಮುಖ ನೋಡಿರಲಿಲ್ಲ.

ಈ ಹೊತ್ತು ಅವನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಡಸಾಲೆಯ ಮಗ್ಗುಲಿನ ಕೋಣೆಯಲ್ಲಿ, ಒಂದು ಕಾಲಕ್ಕೆ ಕಾಳಿನ ಚೀಲ ಇಡುತ್ತಿದ್ದ ಮೂಲೆಯಲ್ಲಿ, ಮೇಜಿನ ಮೇಲೆ ಟ್ಯಾಂಕು ಮುಗಿದು ಕೂತಿತ್ತು. ಮಾರನೆಯ ದಿನ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ಇಂಥ ಹುಚ್ಚಿನವರೆಲ್ಲ ಸೇರಿ ಪ್ರದರ್ಶನ ಇಟ್ಟುಕೊಂಡಿದ್ದರು. ಅದನ್ನು ನಡೆಸುವ ಸುಭಾಸ ಎಂಬಾತ ಫೋನಿನಲ್ಲಿ ಫೋಟೋ ನೋಡಿ ತಾನಾಗಿಯೇ ಕರೆದಿದ್ದ. ತನ್ನನ್ನು ಯಾರಾದರೂ ಯಾವುದಕ್ಕಾದರೂ ಕರೆದದ್ದು ಸಂಗನಬಸವನಿಗೆ ನೆನಪಿರಲಿಲ್ಲ, ಹಸು ಈಯಲಾರದೆ ಒದ್ದಾಡುವಾಗಿನ ಕರೆಗಳನ್ನು ಬಿಟ್ಟರೆ. ಸುಭಾಸ ಬಹಳ ಗೌರವದಿಂದ ಮಾತಾಡಿದ್ದ. ನಿಮ್ಮ ಟ್ಯಾಂಕಿನ ಗಾಲಿಗೆ ಮೆತ್ತಿದ ಮಣ್ಣು ನೋಡಿ ನಾವೆಲ್ಲ ದಂಗಾದೆವು, ಅದು ಯಾವ ಕಂಪನಿಯದು, ಎಲ್ಲಿಂದ ತರಿಸಿದಿರಿ ಎಂದು ಕೇಳಿದ್ದ. ಹೀಗೆ ಕೆಸರನ್ನೂ ಧೂಳನ್ನೂ ಬಾಟಲಿಯಲ್ಲಿ ತುಂಬಿ ಮಾರುವ ಕಂಪನಿಗಳಿವೆ ಎಂದು ಸಂಗನಬಸವನಿಗೆ ಗೊತ್ತಿತ್ತು. ಕೈಯಲ್ಲಿ ಫೋನು ಹಿಡಿದುಕೊಂಡೇ ಅವನು ಮೇಜಿನ ಮೂಲೆಯ ಹಳೇ ಉಪ್ಪಿನಕಾಯಿ ಬಾಟಲಿಯ ಕಡೆ ನೋಡಿದ್ದ. ಅದರ ತಳದಲ್ಲಿ ಒಂದು ಚಮಚೆಯಷ್ಟು ಕಪ್ಪು ಮಣ್ಣು ಉಳಿದಿತ್ತು. ಇಲ್ಲೇ, ಹಿತ್ತಲಿಂದು ಎಂದಿದ್ದ. ಹೇಳಿದ ಮೇಲೆ ಬಾಟಲಿಯನ್ನು ಗೋಡೆಯ ಕಡೆಗೆ ಸರಿಸಿದ್ದ. ನಾಳೆ ಅದೇ ಪ್ರಶ್ನೆಯನ್ನು ಹತ್ತು ಮಂದಿ ಎದುರಿಗೆ ನಿಂತು ಕೇಳುತ್ತಾರೆ, ಕೇಳಲೇಬೇಕು, ಆ ಟ್ಯಾಂಕಿನಲ್ಲಿ ಕೇಳುವಂಥದ್ದು ಅದೊಂದೇ.

ಚಹಾ ಮುಗಿಯುವ ಹೊತ್ತಿಗೆ ಅವ್ವ ಬಂದು ಹೊಸ್ತಿಲ ಬಳಿ ಕೂತಳು. ರೇವವ್ವನಿಗೆ ಏನಾದರೂ ಬೇಕಾದಾಗ ಅವಳು ಕೇಳುವವಳಲ್ಲ, ಹೊಸ್ತಿಲ ಬಳಿ ಬಂದು ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವವಳು. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ ಎಂದಳು, ಯಾರಿಗೂ ಗೊತ್ತಿಲ್ಲವೆಂಬಂತೆ. ಹೊಲದ ಎರೆಮಣ್ಣಿನಿಂದ ಜೋಡಿ ಎತ್ತು ಮಾಡಿ, ಅವುಗಳ ಮುಂದೆ ಮೇವುಣ್ಣಲು ಒಂದು ಗ್ವಾದಲಿ ಮಾಡಿ, ಪೂಜೆ ಮಾಡಿ, ಮರುದಿನ ನೀರಿಗೆ ಬಿಡುವ ಹಬ್ಬ. ಊರಿನಲ್ಲಿ ಈಗ ಎಷ್ಟೋ ಮನೆಯವರು ಕುಂಬಾರರ ಹತ್ತಿರ ಬಣ್ಣ ಹಚ್ಚಿದ ಎತ್ತು ತರುತ್ತಾರೆ. ಈ ಮನೆಯಲ್ಲಿ ಮಾತ್ರ ಅಪ್ಪ ಈರಪ್ಪ ತನ್ನ ಕೈಯಾರೆ ಮಾಡುತ್ತಿದ್ದ. ಹೋದ ವರ್ಷ ಕಾರಹುಣ್ಣಿಮೆ ಮುಗಿದ ಎರಡನೆಯ ದಿನ ಅವನು ತೀರಿಕೊಂಡದ್ದರಿಂದ ಎತ್ತು ಕೂತಿರಲಿಲ್ಲ. ಹಾಗಾಗಿ ಈ ವರ್ಷ ಮಾಡುವವರು ಯಾರು ಎಂಬುದು ಮೊದಲ ಸಲ ಎದ್ದ ಪ್ರಶ್ನೆ. ಕುಂಬಾರರ ಮನೆಯಿಂದ ತಂದರಾಯಿತು ಎಂದು ಅನ್ನಪೂರ್ಣಾ ಒಳಗಿನಿಂದಲೇ ಹೇಳಿದಳು. ರೇವವ್ವ ಸೆರಗನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು.

"ವರ್ಷಾನಗಟ್ಟಲೆ ಆ ಖೋಲ್ಯಾಗ ಕುಂತು ಅದೇನೇನೋ ಮಾಡತಿ," ಅಂದಳು ಮಗನಿಗೆ. "ಎರಡ ಎತ್ತ ಮಾಡಾಕ ಬರೂದಿಲ್ಲೇನು ನಿನಗ?"

ಆಕ್ಷೇಪವೇನೂ ಇರಲಿಲ್ಲ ಆ ಮಾತಿನಲ್ಲಿ. ನಂಬಿಕೆ ಇತ್ತು. ಸಂಗನಬಸವನಿಗೆ ಆಕ್ಷೇಪವಾಗಿದ್ದರೆ ಬಗೆಹರಿಯುತ್ತಿತ್ತು ಅನ್ನಿಸಿತು. ಬುಟ್ಟಿ ಹಿಡಿದುಕೊಂಡು ಹೊಲಕ್ಕೆ ಹೊರಟ.

ರಾತ್ರಿ ಒಂದು ಮಳೆ ಬಿದ್ದು ಹಾದಿಯೆಲ್ಲ ಜಿಗಿಯಾಗಿತ್ತು. ಅವರ ಊರು ಮೊರಬದ ಎರೆಮಣ್ಣು ಮಳೆಗಾಲದಲ್ಲಿ ನಡೆಯುವವನ ಕಾಲು ಬಿಡುವುದಿಲ್ಲ. ಹತ್ತು ಹೆಜ್ಜೆಗೆ ಚಪ್ಪಲಿ ಎರಡಾಗುತ್ತದೆ, ಇಪ್ಪತ್ತಕ್ಕೆ ಚಪ್ಪಲಿಯನ್ನೇ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಮುಂದೆ ಹೋದ ಟ್ರ್ಯಾಕ್ಟರಿನ ಗಾಲಿಯ ಗುರುತನ್ನು ಅವನು ನೋಡುತ್ತ ನಡೆದ. ಮಣ್ಣು ಗಾಲಿಗೆ ಎಲ್ಲ ಕಡೆ ಸಮನಾಗಿ ಮೆತ್ತುವುದಿಲ್ಲ. ನೆಲಕ್ಕೆ ತಾಗುವ ಉಬ್ಬು ತಾನೇ ತಿಕ್ಕಿಕೊಂಡು ಮಿರುಗುತ್ತದೆ, ಒಳಗಿನ ಸಂದಿಯಲ್ಲಿ ನಿನ್ನೆಯ ಒಣ ಮಣ್ಣಿನ ಮೇಲೆ ಇವತ್ತಿನ ಹಸಿ ಮಣ್ಣು ಕೂರುತ್ತದೆ. ಇದನ್ನು ಅವನಿಗೆ ಕಲಿಸಿದ್ದು ಯಾವ ವಿಡಿಯೋವೂ ಅಲ್ಲ, ಅಪ್ಪನ ಎರಡು ಮಾತು. ಮೊದಲನೆಯ ಟ್ಯಾಂಕನ್ನು ಜೋಡಿಸಿ, ಹಸಿರು ಬಣ್ಣ ಬಳಿದು, ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತೋರಿಸಿದಾಗ ಅಪ್ಪ ಅದನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲೂ ದುಡದಿಲ್ಲ ಬಿಡು ಎಂದು ಕೆಳಗಿಟ್ಟಿದ್ದ. ಎರಡನೆಯದಕ್ಕೆ ಸಂಗನಬಸವ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ, ಅದರ ಮೇಲೆ ಇನ್ನೊಂದು ಬಣ್ಣ ಹಚ್ಚಿ, ಒಣಗಿದ ಮೇಲೆ ಉಪ್ಪನ್ನು ಕೆರೆದು ತೆಗೆದ. ಬಣ್ಣ ಸಿಪ್ಪೆಯೆದ್ದ ಹಾಗಾಯಿತು. ಪಾತ್ರೆ ತಿಕ್ಕುವ ಸ್ಪಂಜಿನಿಂದ ಗೀರು ಮೂಡಿಸಿದ. ಚಹಾಪುಡಿ, ಊದಿನಕಡ್ಡಿಯ ಬೂದಿ, ಮುಖದ ಪೌಡರು ಏನನ್ನೂ ಬಿಡಲಿಲ್ಲ. ಅಪ್ಪ ಈ ಸಲ ಕೈಗೆತ್ತಿಕೊಳ್ಳಲೂ ಇಲ್ಲ. ಹೊಲಸ ಮಾಡಿದಿ, ಅಂದ. ಹೊಲಸಾಗೂದು ಬ್ಯಾರೆ, ದುಡಿಯೂದು ಬ್ಯಾರೆ. ಮೂರನೆಯ ಟ್ಯಾಂಕನ್ನು ನೋಡಲು ಅಪ್ಪ ಇರಲಿಲ್ಲ.

ಹೊಲದ ಬದುವಿನಲ್ಲಿ ಹೊಳೆಪ್ಪ ನಿಂತಿದ್ದ. ಅವನದು ಪಕ್ಕದ ಹೊಲ. ಆ ಕಡೆ ಇನ್ನೂ ಜೋಡೆತ್ತು ಕಟ್ಟಿ ಎಡೆಕುಂಟೆ ಹೊಡೆಯುವವನು ಅವನೊಬ್ಬನೇ. ಹೋದ ವಾರ ಅವನ ಎತ್ತಿನ ಗೊರಸಿಗೆ ಸಂಗನಬಸವನೇ ಮುಲಾಮು ಕಟ್ಟಿದ್ದ. ಗಾಯ ಮಾಯ್ದಿದೆಯೆಂದು ಹೇಳಿ, ಮಣ್ಣು ಒಯ್ಯಲು ಬಂದಿರಾ ಎಂದು ಕೇಳಿ, ಈರಪ್ಪಣ್ಣ ಬೇವಿನ ಗಿಡದ ಬುಡದ್ದೇ ಒಯ್ಯುತ್ತಿದ್ದ, ಅಲ್ಲಿ ಹರಳು ಕಮ್ಮಿ ಎಂದು ತಾನೇ ತೋರಿಸಿದ. ಬೇವಿನ ಗಿಡದ ಹತ್ತಿರವೇ ಅಪ್ಪನನ್ನು ಹೂಳಿದ ಗದ್ದುಗೆ. ಸುತ್ತ ಹೆಸರು ಬಿತ್ತಿದ್ದು ಎರಡೆಲೆ ಒಡೆದಿತ್ತು. ಸಂಗನಬಸವ ಅಲ್ಲಿ ಕೂತು ಕೈಯಿಂದಲೇ ಮಣ್ಣು ಕೆದಕತೊಡಗಿದ. ಒಂದು ವರ್ಷದ ಹಿಂದೆ ಇದೇ ಮಣ್ಣನ್ನು ನಾಲ್ಕು ಜನ ಆಳುದ್ದ ಅಗೆದಿದ್ದರು. ಸಲಿಕೆ ಕೊಯ್ದ ಕಡೆಯೆಲ್ಲ ಮಣ್ಣು ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಗಾಳಿ ತಾಕಿದ ಹಾಗೆ ಆ ಮಿರುಗು ಮೇಲಿನಿಂದ ಕೆಳಕ್ಕೆ ಆರುತ್ತ, ಕಪ್ಪು ಬೂದಿಯಾಗುತ್ತ, ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತ ಇಳಿಯಿತು. ಅಪ್ಪನನ್ನು ಗುಂಡಿಯಲ್ಲಿ ಕೂರಿಸುತ್ತಿದ್ದರು. ಅಯ್ಯನವರು ಮಂತ್ರ ಹೇಳುತ್ತಿದ್ದರು, ವಿಭೂತಿ ಹಚ್ಚುತ್ತಿದ್ದರು, ಬಿಲ್ವಪತ್ರಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಂಗನಬಸವ ಆ ಬಿರುಕನ್ನು ನೋಡುತ್ತಿದ್ದ. ಹೀಗೆ, ಇಷ್ಟೇ ಸಣ್ಣದಾಗಿ ಬಿರಿಯಬೇಕು, ಅಂದುಕೊಂಡ. ಇದು ಬಾಟಲಿಯಲ್ಲಿ ಬರುವುದಿಲ್ಲ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕುವಾಗ ಅವನೂ ಬಗ್ಗಿದ. ಎದ್ದಾಗ ಮುಷ್ಟಿ ತುಂಬಿತ್ತು. ಕೈ ಗುಂಡಿಯ ಕಡೆಗೆ ಚಾಚಲಿಲ್ಲ, ತಾನಾಗಿಯೇ ಜುಬ್ಬಾದ ಕಿಸೆಗೆ ಹೋಯಿತು. ಅಳು ಬರಲಿಲ್ಲ. ಗಟ್ಟಿ ಮನುಷ್ಯ, ಎಂದು ಯಾರೋ ಹಿಂದೆ ಹೇಳಿದರು. ಇನ್ಯಾರೋ, ಹೆತ್ತ ಅಪ್ಪಗ ಒಂದು ಹನಿ ಕಣ್ಣೀರಿಲ್ಲ, ಎಂದರು. ಎರಡೂ ಅವನ ಕಿವಿಗೆ ಬಿದ್ದವು.

ಆ ಮಣ್ಣನ್ನು ಅವನು ವರ್ಷವಿಡೀ ಚಮಚೆ ಚಮಚೆಯಾಗಿ ಬಳಸಿದ್ದ. ಹಳೇ ಸೀರೆಯ ಅರಿವೆಯಲ್ಲಿ ಸೋಸಿ, ಹೊಲದ ಜಾಲಿಮರದ ಅಂಟನ್ನು ನೀರಲ್ಲಿ ನೆನೆಹಾಕಿ ಆ ತಿಳಿಯಲ್ಲಿ ಕಲಸಿ, ಸಿರಿಂಜಿನಿಂದ ಹನಿಹನಿಯಾಗಿ ಗಾಲಿಯ ಸಂದಿಗೆ ಬಿಟ್ಟು ಒಣಗಲು ಕಾದಿದ್ದ. ಪೇಟೆಯ ಅಂಟು ಒಣಗಿದ ಮೇಲೂ ಹೊಳೆಯುತ್ತದೆ. ಜಾಲಿ ಅಂಟಿನಲ್ಲಿ ಮಣ್ಣು ಮಣ್ಣಾಗಿಯೇ ಕೂರುತ್ತದೆ. ಅದಕ್ಕಿರುವ ಶತ್ರು ಒಂದೇ, ನೀರು. ಒದ್ದೆ ಕೈಯಲ್ಲಿ ಆ ಕೋಣೆಗೆ ಯಾರೂ ಬರಬಾರದೆಂದು ಅವನು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದ. ಈ ಟ್ಯಾಂಕಿಗೆ ಉಪ್ಪಿನಾಟ, ಸ್ಪಂಜಿನಾಟ ಯಾವುದನ್ನೂ ಆಡಲಿಲ್ಲ. ಹಸಿರು ಬಣ್ಣದ ಮೇಲೆ ಬರೀ ಮಣ್ಣು, ಸ್ವಲ್ಪ ಚಹಾಪುಡಿ, ಕಟ್ಟಕಡೆಗೆ ಧೂಳಿಗೆಂದು ದೇವರ ಜಗಲಿಯ ವಿಭೂತಿ ಗಟ್ಟಿಯ ಒಂದು ಮೂಲೆ. ಮೂಲೆ ಸವೆದದ್ದನ್ನು ಅವ್ವ ನೋಡಿದ್ದಳು, ಇಲಿ ಎಂದುಕೊಂಡಿರಬೇಕು, ಏನೂ ಅಂದಿರಲಿಲ್ಲ. ನಿನ್ನೆ ಸಂಜೆ ಟ್ಯಾಂಕನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದು ದುಡಿದಿತ್ತು. ಮುಂಗಾರಿನ ಹೊಲವೊಂದನ್ನು ದಾಟಿ ಬಂದು ಈಗಷ್ಟೇ ಎಂಜಿನ್ನು ಆರಿಸಿ ನಿಂತಂತಿತ್ತು. ಸಂಗನಬಸವನಿಗೆ ಖುಷಿಯಾಯಿತು. ಇದನ್ನು ಅಪ್ಪನಿಗೆ ತೋರಿಸಬೇಕು ಅನ್ನಿಸಿತ್ತು. ತೋರಿಸುವುದೇನು, ಗಾಲಿಗೆ ಮೆತ್ತಿದ್ದೇ ಅವನು ಕೂತ ಗುಂಡಿ.

ಮನೆಗೆ ಬಂದು ಮಣ್ಣು ನಾದಿ ಎತ್ತು ಮಾಡಲು ಕೂತ. ಕೂತ ಮೇಲೆ ಗೊತ್ತಾಯಿತು, ಕೂದಲಿನಷ್ಟು ಬಿರುಕು ಮೂಡಿಸಬಲ್ಲ ಕೈಗೆ ಎತ್ತಿನ ಡುಬ್ಬ ಬಾರದೆಂದು. ಮೊದಲ ಎತ್ತು ಹಂದಿಯಾಯಿತು. ಅದನ್ನು ಒಡೆದು ಇನ್ನೊಂದು ಮಾಡಿದ. ಕಾಲು ನಾಲ್ಕಾಗಿದ್ದರೂ ನಿಲ್ಲಲಿಲ್ಲ. ಒಳಗೆ ಕಸಬರಿಗೆ ಕಡ್ಡಿ ಚುಚ್ಚಿ ನಿಲ್ಲಿಸಿದ. ಕೋಣೆಯಿಂದ ಸೂಜಿ ತಂದು ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲಿಗೆ ಮಡಿಕೆ ಕೊರೆದ, ಮೂಗಿನ ಹೊಳ್ಳೆ ತೆಗೆದ, ಗೊರಸು ಸೀಳಿದ. ದನದ ದವಾಖಾನೆಯವನಿಗೆ ಎತ್ತಿನ ಮೈಯಲ್ಲಿ ಯಾವುದೆಲ್ಲಿದೆ ಎಂಬುದು ಗೊತ್ತಿರಬೇಕಲ್ಲ. ಗೊತ್ತಿದ್ದುದೆಲ್ಲ ಅದರಲ್ಲಿತ್ತು. ಎತ್ತು ಮಾತ್ರ ಇರಲಿಲ್ಲ. ಅಪ್ಪ ಹೇಗೆ ಮಾಡುತ್ತಿದ್ದ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದು ಕೈಯಲ್ಲ, ಮಾಡುವಾಗ ಅಪ್ಪ ಬೇರೆ ಕಡೆ ನೋಡುತ್ತಿದ್ದ ಎಂಬುದು. ಪಡಸಾಲೆಯಲ್ಲಿ ಕೂತು, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ, ಮಳೆಯ ಮಾತು ಹೇಳುತ್ತ, ಕೊನೆಗೆ ಕೆಳಗೆ ನೋಡಿದರೆ ಎರಡು ಎತ್ತು ಗ್ವಾದಲಿಗೆ ಬಾಯಿ ಹಾಕಿ ನಿಂತಿರುತ್ತಿದ್ದವು. ಸಂಗನಬಸವನೂ ಬೇರೆ ಕಡೆ ನೋಡಲು ಯತ್ನಿಸಿದ. ಕೋಡು ಮುರಿಯಿತು. ಅನ್ನಪೂರ್ಣಾ ಕಡಬಿನ ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿ, ಇವು ಎತ್ತೋ ಅಥವಾ ಎತ್ತಿನ ಪೋಸ್ಟ್‌ಮಾರ್ಟಮ್ಮೋ ಎಂದು ಕೇಳಿ ನಗು ತಡೆಯಲಾಗದೆ ಒಳಗೆ ಹೋದಳು. ಒಳಗಿನಿಂದ ನಗು ಮತ್ತೊಂದು ಸಲ ಬಂತು. ಅಂತೂ ಮಧ್ಯಾಹ್ನದೊಳಗೆ ಎರಡು ನಿಂತವು, ಒಂದು ಮುಂಗಾಲಿನಲ್ಲಿ ಸ್ವಲ್ಪ ಕುಂಟು. ಕಣ್ಣಿಗೆ ಗುಲಗಂಜಿ ಒತ್ತಿದ. ಎರಡೂ ಅವನನ್ನೇ ದಿಟ್ಟಿಸಿದವು. ಅವ್ವ ಬಂದು ನೋಡಿ, ಇರಲಿ, ಕುಂಟೆತ್ತೂ ದೇವರೇ, ನೀನು ಜಳಕ ಮಾಡಿ ಬಾ ಎಂದಳು. ಬಚ್ಚಲಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಳ್ಳುವಾಗ ಅವನಿಗೆ, ಇಷ್ಟು ಸಣ್ಣ ವಿಷಯಕ್ಕೆ ತನಗೇಕೆ ಇಷ್ಟು ಅವಮಾನವಾಗುತ್ತಿದೆ ಎಂದು ತಿಳಿಯಲಿಲ್ಲ. ನಾಳೆ ಹುಬ್ಬಳ್ಳಿಗೆ ಹೋದರೆ ಎಲ್ಲ ಸರಿಹೋಗುತ್ತದೆ, ಅಲ್ಲಿ ಎತ್ತು ಮಾಡು ಎನ್ನುವವರು ಯಾರೂ ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಜಗಲಿಯ ಮುಂದೆ ಮಣೆ ಹಾಕಿ ಪೂಜೆ ಮುಗಿದಿತ್ತು. ಊದಿನಕಡ್ಡಿಯ ಹೊಗೆಯ ಹಿಂದೆ ಎರಡು ಎತ್ತು. ಎರಡರ ಕೊಂಬಿಗೂ ಬೇಗಡೆ. ಬಲಗಡೆಯ ಎತ್ತಿನ ಮಗ್ಗುಲಲ್ಲಿ, ಗ್ವಾದಲಿಗೆ ತೋಪಿನ ಮೂತಿ ಚಾಚಿಕೊಂಡು, ಅವನ ಟ್ಯಾಂಕು ನಿಂತಿತ್ತು. ಮುಂದಿನ ತಗಡಿಗೆ ಮೂರು ಬೆರಳ ವಿಭೂತಿ. ತೋಪಿಗೆ ಕುಂಕುಮ. ಮೇಲೊಂದು ದಾಸವಾಳ, ಅವ್ವ ಹೂವನ್ನು ನೀರಿಗೆ ಅದ್ದಿಯೇ ಏರಿಸಿದ್ದಳು. ಅದರಿಂದ ಇಳಿದ ಒಂದು ಹನಿ ಟ್ಯಾಂಕಿನ ಪಕ್ಕೆಯ ಮೇಲೆ ಹರಿದು, ಹರಿದಷ್ಟು ಕಡೆ ಮಣ್ಣು ಕರಗಿ, ಜೋಳದ ಕಾಳಿನ ಅಗಲಕ್ಕೆ ಹೊಚ್ಚ ಹಸಿರು ಬಣ್ಣ ಕಾಣುತ್ತಿತ್ತು. ಸಂಗನಬಸವ ಎರಡು ಹೆಜ್ಜೆ ಮುಂದೆ ಬಂದ. ಬೈಗುಳ ನಾಲಗೆಯ ತುದಿಗೆ ಬಂದಿತ್ತು, ಆದರೆ ಅವ್ವ ಮಣೆಯ ಮುಂದೆ ಕೂತು ಟ್ಯಾಂಕಿನ ಗಾಲಿಯ ಮೇಲೆ ಬೆರಳು ಆಡಿಸುತ್ತಿದ್ದ ರೀತಿ ನೋಡಿ ಅದು ಅಲ್ಲೇ ನಿಂತಿತು. ಒಣಗಿದ ಗಾಯವನ್ನು ಮುಟ್ಟುವಂತೆ ಮುಟ್ಟುತ್ತಿದ್ದಳು.

"ಇದೂ ದುಡದದ್ದ ಐತಲ್ಲ, ಎತ್ತಿನ ಬಾಜು ಇರಲಿ ಅಂತ ಇಟ್ಟೆ," ಅಂದಳು.

ಅಪ್ಪ ಹೇಳಬೇಕಾಗಿದ್ದ ಮಾತು ಅವ್ವನ ಬಾಯಲ್ಲಿ ಬಂದದ್ದನ್ನು ಅವನು ಕೇಳಿಸಿಕೊಳ್ಳುವಷ್ಟರಲ್ಲಿ ಅವಳು ಮುಂದುವರಿಸಿದ್ದಳು.

"ಅವತ್ತ ಎಲ್ಲಾರೂ ಮಣ್ಣ ಹಾಕಿ ಕೈ ಝಾಡಿಸಿಕೊಂಡ್ರು. ನೀ ಒಬ್ಬನ ಕಿಸೆದಾಗ ಹಾಕ್ಕೊಂಡಿ. ನಾ ನೋಡೇನಿ ತಮ್ಮಾ. ಅಪ್ಪನ್ನ ಬಿಡಾಕ ಮನಸ ಆಗವಲ್ದು ಇವಗ ಅಂತ ತಿಳಕೊಂಡೆ. ಮಂದಿ ಅಳಲಿಲ್ಲ ಅಂತ ಆಡಿಕೊಂಡ್ರು. ಆಡಿಕೊಳ್ಳಿ, ನಂಗ ಗೊತ್ತಿತ್ತಲ್ಲ. ದಿನಾ ಕಸಾ ಹೊಡಿಯುವಾಗ ನೋಡತಿದ್ದೆ, ಆ ಉಪ್ಪಿನಕಾಯಿ ಬಾಟ್ಲ್ಯಾಗಿನ ಮಣ್ಣ ಸಾವಕಾಶ ತೀರಕೋತ ಬಂತು. ಇದರ ಮ್ಯಾಲೆ ಬಂತು."

ಸಂಗನಬಸವ ಬಾಯಿ ತೆರೆದ. ಹಾಗಲ್ಲ ಅವ್ವ ಎನ್ನಬೇಕಿತ್ತು. ಮಣ್ಣಿನ ಬಿರುಕು ಚೆನ್ನಾಗಿತ್ತು, ಅದಕ್ಕೆ ತೆಗೆದುಕೊಂಡೆ, ಅಪ್ಪನ ಮುಖ ಕೂಡ ಸರಿಯಾಗಿ ನೋಡಲಿಲ್ಲ. ಈ ಮಾತನ್ನು ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ಅವ್ವನದು ಭಾರವಾಗುತ್ತದೆ. ಒಂದು ವರ್ಷ ಅವಳು ಯಾವ ಮಾತನ್ನು ನೆಚ್ಚಿಕೊಂಡು ಕಳೆದಿದ್ದಳೋ ಅದನ್ನು ಕಿತ್ತುಕೊಂಡಂತೆ. ಬಾಯಿ ಮುಚ್ಚಿದ. ವಿಭೂತಿ ಗಟ್ಟಿಯ ಸವೆದ ಮೂಲೆಯನ್ನೂ ಅವಳು ಇಲಿಯ ತಲೆಗೆ ಕಟ್ಟಿರಲಿಕ್ಕಿಲ್ಲ ಎಂದು ಆಗ ಹೊಳೆಯಿತು. ಅವನು ಬಗ್ಗಿ ಎತ್ತಿಗೆ ಕೈಮುಗಿದ. ಮುಗಿದ ಕೈ ಯಾವುದಕ್ಕೆ ಸಂದಿತೋ ಗೊತ್ತಾಗಲಿಲ್ಲ.

ಕಡಬು ಚೆನ್ನಾಗಿತ್ತು ಎಂದು ಹೇಳಿದ, ಚೆನ್ನಾಗಿಯೂ ಇತ್ತಂತೆ. ಊಟವಾದ ಮೇಲೆ ಅನ್ನಪೂರ್ಣಾ ಮೆಲ್ಲಗೆ ಬಂದು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಕುಂಕುಮ ತೆಗೆದುಕೊಡಲೇ ಎಂದು ಕೇಳಿದಳು. ಬಾಟಲಿಯ ತಳದಲ್ಲಿ ಇನ್ನೂ ಒಂದು ಚಮಚೆ ಮಣ್ಣಿದೆಯಲ್ಲ, ಹಸಿರು ಕಂಡ ಕಡೆ ಅದನ್ನು ಹಚ್ಚಿದರೆ ನಾಳೆಯೊಳಗೆ ಒಣಗುತ್ತದೆ ಎಂದಳು. ಅವಳಿಗೆ ಅವನ ಕೆಲಸ ಇಷ್ಟು ಚೆನ್ನಾಗಿ ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೇಡ ಎಂದ. ಅವ್ವ ಕೂಡ, ಪೂಜೆ ಮಾಡಿದ ಮಣ್ಣನ್ನು ಮನೆಯಲ್ಲಿ ಉಳಿಸಬಾರದು, ಆದರೆ ನಿನ್ನದು ಹುಬ್ಬಳ್ಳಿಗೆ ಹೋಗಬೇಕಾದದ್ದು, ಎತ್ತು ಗ್ವಾದಲಿ ಅಷ್ಟೇ ಹಳ್ಳಕ್ಕೆ ಬಿಟ್ಟು ಹಾಗೇ ಬಸ್ಸು ಹತ್ತು ಎಂದಳು. ಎಲ್ಲರೂ ಅವನಿಗೆ ದಾರಿ ಬಿಟ್ಟುಕೊಡುತ್ತಿದ್ದರು. ಯಾರಾದರೂ ಒಬ್ಬರು ಅಡ್ಡ ನಿಂತಿದ್ದರೆ ಅವರ ಮೇಲೆ ಹರಿಹಾಯ್ದು ಹೋಗಿಬಿಡಬಹುದಾಗಿತ್ತು. ಕೋಣೆಯಲ್ಲಿ ಕೂತು ಸಂಗನಬಸವ ಲೆಕ್ಕ ಹಾಕಿದ. ಅವ್ವ ಹೇಳಿದ್ದು ನಿಜವಾಗಿದ್ದರೆ, ಈ ಮಣ್ಣನ್ನು ಮೇಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸುವುದು ತಪ್ಪು. ನಿಜವಲ್ಲದಿದ್ದರೆ, ಪ್ರದರ್ಶನ ಮುಗಿಸಿ ತಂದು ಅವಳ ಕಣ್ಣೆದುರು ಈ ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪು. ಮತ್ತೆ, ನಿಜ ಯಾವುದು? ಅವತ್ತು ಕೈ ಕಿಸೆಗೆ ಹೋದಾಗ ಬಿರುಕು ಒಂದೇ ಕಣ್ಣಿಗಿತ್ತೆ? ಬಿರುಕನ್ನು ನೋಡದೆ ಇನ್ನೇನನ್ನು ನೋಡಬೇಕಾಗುತ್ತಿತ್ತೋ ಅದನ್ನು ನೋಡಲಾರದೆ ಬಿರುಕನ್ನು ನೋಡಿದ್ದನೆ? ವರ್ಷದಿಂದ ಅವನು ತನ್ನ ಮೇಲೆ ಹೊರಿಸಿಕೊಂಡಿದ್ದ ಅಪರಾಧವೂ ಈಗ ಅವನಿಗೆ ಪೂರ್ತಿ ತನ್ನದೆನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಎತ್ತಿನ ತಟ್ಟೆ, ಇನ್ನೊಂದರಲ್ಲಿ ಟ್ಯಾಂಕಿಟ್ಟ ಬೂಟಿನ ಡಬ್ಬಿ ಹಿಡಿದು ಹೊರಟ. ಉಪ್ಪಿನಕಾಯಿ ಬಾಟಲಿಯನ್ನೂ ಡಬ್ಬಿಯೊಳಗೆ ಇಟ್ಟುಕೊಂಡಿದ್ದ. ಹುಬ್ಬಳ್ಳಿಯಲ್ಲಿ ತಿದ್ದಲು ಬೇಕಾದೀತು ಎಂದು ಅನ್ನಪೂರ್ಣಾಳಿಗೆ ಹೇಳಿದ್ದ. ಊರ ಹೊರಗಿನ ಹಳ್ಳ ಹೊಸ ಮಳೆಗೆ ಕೆಂಪು ಕಪ್ಪಾಗಿ ಹರಿಯುತ್ತಿತ್ತು. ಸೇತುವೆಯ ಆಚೆ ಬಸ್ ಸ್ಟ್ಯಾಂಡು. ಕೆಳಗಡೆ ಹೊಳೆಪ್ಪ ತನ್ನ ಜೋಡೆತ್ತಿನ ಮೈ ತೊಳೆಯುತ್ತಿದ್ದ. ಸಂಗನಬಸವ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದ. ಮೊದಲ ಎತ್ತನ್ನು ಅಂಗೈಯಲ್ಲಿಟ್ಟು ಮುಳುಗಿಸಿದ. ಸೂಜಿಯಲ್ಲಿ ಕೊರೆದ ಮಡಿಕೆ ಮೊದಲು ಹೋಯಿತು, ಆಮೇಲೆ ಮೂಗು, ಗೊರಸು. ಅವನು ಸೇರಿಸಿದ ಚಂದವೆಲ್ಲ ತೊಳೆದುಹೋದ ಒಂದು ಗಳಿಗೆ, ಪೂರ್ತಿ ಕರಗುವ ಮೊದಲು, ಅಂಗೈಯಲ್ಲಿದ್ದದ್ದು ಅಪ್ಪ ಮಾಡಿದ ಎತ್ತಿನಂತೆಯೇ ಇತ್ತು. ಡುಬ್ಬ, ಬಾಗಿದ ಕುತ್ತಿಗೆ, ಅಷ್ಟೇ. ಅದೂ ಹೋಯಿತು. ಬೆರಳ ಸಂದಿಯಲ್ಲಿ ಕಸಬರಿಗೆಯ ಕಡ್ಡಿ ಉಳಿಯಿತು. ಕುಂಟೆತ್ತು ಅದಕ್ಕಿಂತ ಬೇಗ ಹೋಯಿತು. ಗ್ವಾದಲಿಯನ್ನೂ ಬಿಟ್ಟ.

ಆಮೇಲೆ ದಂಡೆಯ ಮೇಲಿನ ಡಬ್ಬಿ ತೆಗೆದ. ಬಾಟಲಿಯನ್ನು ಮೊದಲು ನೀರಲ್ಲಿ ಬೋರಲು ಹಾಕಿದ. ನಂತರ ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಇಳಿಸಿದ. ಒಂದು ವರ್ಷದ ಕೆಲಸ ಕರಗಲು ಬಹಳ ಹೊತ್ತು ಬೇಕಾಗಲಿಲ್ಲ. ವಿಭೂತಿ ಬಿಳಿ ಎಳೆಯಾಗಿ ಹರಿಯಿತು, ಕುಂಕುಮ ಹರಿಯಿತು, ಚಹಾಪುಡಿ ತೇಲಿ ಹೋಯಿತು. ಗಾಲಿಯ ಸಂದಿಯ ಮಣ್ಣು ಮಾತ್ರ ಹಿಡಿದುಕೊಂಡಿತ್ತು. ಅವನು ಹೆಬ್ಬೆರಳಿನಿಂದ ಒಂದೊಂದೇ ಸಂದಿಯನ್ನು ತಿಕ್ಕಿದ. ಮಣ್ಣು ಬಿಟ್ಟುಕೊಂಡು, ಕಪ್ಪಗೆ ಮೋಡದಂತೆ ಎದ್ದು, ಹಳ್ಳದ ನೀರಿಗೆ ಸೇರಿ ಬೇರೆಯಾಗಿ ಕಾಣದಾಯಿತು. ಅವತ್ತು ಗುಂಡಿಗೆ ಬೀಳಬೇಕಾಗಿದ್ದ ಒಂದು ಹಿಡಿ ಈಗ ಬಿತ್ತು ಎಂದುಕೊಂಡ. ಅಂದುಕೊಂಡ ಕೂಡಲೇ, ತಡೆಯುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಪ್ಪ ಸತ್ತದ್ದಕ್ಕೆ ಅವನು ಅತ್ತ. ಬಗ್ಗಿ ನಿಂತೇ ಅತ್ತ; ನೋಡುವವರಿಗೆ ಏನೋ ತೊಳೆಯುತ್ತಿದ್ದಾನೆ ಅನ್ನಿಸುವಂತಿತ್ತು. ಮೇಲೆ ಸೇತುವೆಯ ಮೇಲೆ ಹುಬ್ಬಳ್ಳಿ ಬಸ್ಸು ಹಾರ್ನು ಹೊಡೆದು ಹೋಯಿತು.

ಮುಖ ತೊಳೆದುಕೊಂಡು ದಂಡೆಗೆ ಬಂದಾಗ ಹೊಳೆಪ್ಪನೂ ಎತ್ತುಗಳನ್ನು ಹೊಡೆದುಕೊಂಡು ಮೇಲೆ ಹತ್ತಿ ಬಂದಿದ್ದ. ಅವುಗಳ ಹೆಗಲ ಮೇಲೆ ನೊಗ ಕೂತು ಕೂತು ಕೂದಲು ಸವೆದ ಜಾಗ, ಎಷ್ಟು ತೊಳೆದರೂ ಹೋಗದ್ದು, ಒದ್ದೆಯಾಗಿ ಹೊಳೆಯುತ್ತಿತ್ತು. ಹೊಳೆಪ್ಪ ಕಂಪೌಂಡರ ಕೆಂಪಾದ ಕಣ್ಣು ನೋಡಿದನೋ ಇಲ್ಲವೋ, ಅವನ ಕೈಯಲ್ಲಿ ನೀರು ಸೋರುತ್ತಿದ್ದ ಹಸಿರು ಟ್ಯಾಂಕನ್ನು ನೋಡಿದ.

"ಹೊಸಾದೇನ್ರಿ ಸಾಹೇಬ್ರ?"

ಸಂಗನಬಸವ ಅದನ್ನು ಒಮ್ಮೆ ತಿರುಗಿಸಿ ಮುರುಗಿಸಿ ನೋಡಿದ.

"ಹೌದಪಾ," ಅಂದ. "ಇನ್ನೂ ಎಲ್ಲೂ ದುಡದಿಲ್ಲ."